ರಸ್ತೆಯ ಮೇಲೆ ಹಾಕಿದ ಪಟ್ಟು

ನಮ್ಮ ಪಿ.ಟಿ. ಟೀಚರ ಎಡಗಿವಿ ಮಡಚಿಕೊಂಡು ಗಟ್ಟಿಯಾಗಿತ್ತು. ಮೇಲಿನ ಸುರುಳಿಗಳೆಲ್ಲ ಒಂದಕ್ಕೊಂದು ಅಂಟಿ ಗೇರುಬೀಜದಷ್ಟು ದಪ್ಪದ ಗಂಟಾಗಿತ್ತು. ಹೊಸದಾಗಿ ಸೇರಿದ ಹುಡುಗಿಯರು ಕಿವಿಯನ್ನೇ ನೋಡುತ್ತ ನಿಂತರೆ ಅವರು ತಲೆ ವಾಲಿಸಿ, "ಮುಟ್ಟಿ ಕಾಣಿ, ಕಚ್ಚುದಿಲ್ಲ" ಅನ್ನುತ್ತಿದ್ದರು. ನಾನೂ ಮುಟ್ಟಿದ್ದೆ. ತಣ್ಣಗಿತ್ತು.

ಅವರು ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ. ಅಪ್ಪ ಅಲ್ಲಿಯ ಹೋಟೆಲೊಂದರ ಗಲ್ಲೆಯಲ್ಲಿ ಕೂರುತ್ತಿದ್ದರಂತೆ. ಮನೆಯ ಹಿಂದೆ ಮರಾಠಿಯವರ ತಾಲೀಮು, ಕುಸ್ತಿಯ ಗರಡಿ. ಗೋಡೆ ಹತ್ತಿ ನೋಡುತ್ತಿದ್ದ ಹುಡುಗಿ ಒಂದು ದಿನ ಒಳಗಿಳಿದಳು, ಹತ್ತು ವರ್ಷ ಹುಡುಗರ ಜೊತೆಗೇ ಆಡಿದಳು. ಕಿವಿ ಆಗ ಹಾಳಾದದ್ದು. ಮದುವೆಯಾಗಿ ಕಿರಿಮಂಜೇಶ್ವರಕ್ಕೆ ಬಂದ ಮೇಲೆ ಬೈಂದೂರು ಕಡೆಯ ನಮ್ಮ ಶಾಲೆಯಲ್ಲಿ ಕೆಲಸ ಸಿಕ್ಕಿತು. ಶಾಲೆಯಲ್ಲಿ ಮ್ಯಾಟ್ ಇರಲಿಲ್ಲ. ಹಳೆಯ ಸೋಫಾಗಳ ಸ್ಪಂಜು ತಂದು, ಟಾರ್ಪಾಲಿನಲ್ಲಿ ಹೊಲಿಸಿ ಸ್ಟೇಜಿನ ಮೇಲೆ ಹಾಸಿದರು. ಮಳೆಗಾಲದಲ್ಲಿ ಅದು ಒದ್ದೆ ನಾಯಿಯ ಹಾಗೆ ನಾರುತ್ತಿತ್ತು.

ಯಾರನ್ನಾದರೂ ಎತ್ತಿ ಕೆಡಹುವಾಗ ಅವರ ಅಂಗೈ ತನ್ನಷ್ಟಕ್ಕೇ ಬೀಳುವವಳ ತಲೆಯಡಿಗೆ ಹೋಗುತ್ತಿತ್ತು. ನಮಗೂ ಅದನ್ನೇ ಮೊದಲು ಕಲಿಸಿದರು. "ಬೀಳ್ಸುದ್ ಯಾರಿಗೂ ಬತ್ತ್. ತಲೆ ಒಡೀದಾಂಗೆ ಬೀಳ್ಸುಕ್ ಬರ್ಕ್."

ನಾನು ಎಂಟನೇ ತರಗತಿಯಲ್ಲಿದ್ದಾಗ ಒಮ್ಮೆ ಕೇಳಿದೆ, "ಟೀಚರ್, ಇದೆಲ್ಲ ರೋಡಂಗೆ ನಡೀತ್ತಾ? ನಿಜಕ್ಕೂ ಗಲಾಟೆ ಆರೆ?"

ಅವರು ನಗಲಿಲ್ಲ. "ಎದ್ರಿಗಿಪ್ಪುದ್ ಒಬ್ಬನೇ ಆರೆ ನಡೀತ್ತ್. ಆದ್ರೆ ರೋಡಂಗೆ ಯಾರೂ ಒಬ್ಬನೇ ಇರುದಿಲ್ಲ ಮಾರಾಯ್ತಿ. ಅವನ್ನ ಕೆಳಗ್ ಹಾಕಿರೆ ನೀನೂ ಕೆಳಗೇ ಇರ್ತೆ. ಮತ್ತೊಬ್ಬ ನಿಂತಿರ್ತ."

"ಹಂಗಾರೆ ಎಂತ ಮಾಡುದ್?"

"ಓಡುದ್."

ಅವತ್ತಿನಿಂದ ಪ್ರತಿ ಶನಿವಾರ ಕುಸ್ತಿಯ ಬದಲು ಓಟ. ಶಾಲೆಯ ಗೇಟಿನಿಂದ ಹೈವೇವರೆಗೆ, ಬೆನ್ನಿಗೆ ಪುಸ್ತಕದ ಚೀಲ ಹಾಕಿಕೊಂಡೇ.

ನಾನು ಕುಂದಾಪುರದಲ್ಲಿ ಪಿಯುಸಿಗೆ ಸೇರಿದ ಮೇಲೂ ಸಂಜೆ ಅವರ ಹತ್ತಿರ ಹೋಗುತ್ತಿದ್ದೆ. ಒಂದು ದಿನ ಬಸ್ಸಿನಲ್ಲಿ ಹಿಂದೆ ನಿಂತವನ ಕೈ ನನ್ನ ಸೊಂಟಕ್ಕೆ ಬಂತು. ಮಣಿಕಟ್ಟು ಹಿಡಿದು ತಿರುಚಿದೆ. ಅವನು ಮಂಡಿಯೂರಿ ಕೂಗಿಕೊಂಡ. ಕಂಡಕ್ಟರ್ ಅವನನ್ನು ಮುಂದಿನ ಸ್ಟಾಪಿನಲ್ಲಿ ಇಳಿಸಿದ. ಹೆಂಗಸರು ಚಪ್ಪಾಳೆ ತಟ್ಟಿದರು. ಓಡಿಹೋಗಿ ಟೀಚರಿಗೆ ಹೇಳಿದರೆ ಅವರು ಕೇಳಿದ್ದು ಒಂದೇ: "ಅವನೊಟ್ಟಿಗ್ ಯಾರಿದ್ದಿರ್?" ನಾನು ನೋಡಿರಲಿಲ್ಲ. "ಇನ್ನೊಂದ್ ಸಲ ಮೊದ್ಲ್ ಅದ್ ಕಾಣ್" ಎಂದು ಹೇಳಿ ಚಹಾಕ್ಕೆ ನೀರಿಟ್ಟರು.

ಎರಡನೇ ಪಿಯುಸಿಯಲ್ಲಿ ಬ್ರಹ್ಮಾವರದ ಹತ್ತಿರ ಒಂದು ಪಂದ್ಯವಿತ್ತು. ನಾನು ಗೆದ್ದೆ. ಉಳಿದ ಹುಡುಗಿಯರು ಮೊದಲ ಬಸ್ಸಿಗೆ ಹೋದರು, ಪ್ರಮಾಣಪತ್ರಕ್ಕೆ ಕಾದು ನಾವಿಬ್ಬರು ಹಿಂದುಳಿದೆವು. ಸಂಜೆ ಐದೂವರೆ ಇರಬೇಕು. ಹೈವೇ ಪಕ್ಕದ ಸ್ಟಾಪಿನಲ್ಲಿ ಬಸ್ಸಿಗೆ ನಿಂತಿದ್ದೆವು. ಇಬ್ಬರು ಬೈಕಿನಲ್ಲಿ ಬಂದರು. ಒಬ್ಬ ಎದುರಿನ ಗೂಡಂಗಡಿಗೆ ಹೋದ. ಇನ್ನೊಬ್ಬ ನಮ್ಮ ಹತ್ತಿರ ಬಂದು, ನನ್ನ ಕೊರಳಲ್ಲಿದ್ದ ಪದಕ ಎತ್ತಿ ನೋಡಿ, ಕೈ ಹಿಡಿದು ಎಳೆದ. ಕುಡಿದಿದ್ದ.

"ಹ್ವಾಯ್, ಕೈ ಬಿಡಿ" ಎಂದರು ಟೀಚರ್. ಅವನು ಅವರನ್ನು ದೂಡಿದ. ಎರಡನೇ ಸಲ ಹೇಳಿದರು. ಅವನು ನನ್ನನ್ನು ಬೈಕಿನ ಕಡೆಗೆ ಎಳೆಯತೊಡಗಿದ.

ಅವರು ಬಗ್ಗಿದ್ದು ನನಗೆ ಕಾಣಲಿಲ್ಲ. ಅವನ ಎರಡೂ ಕಾಲು ನೆಲ ಬಿಟ್ಟದ್ದು ಕಂಡಿತು. ಸೀರೆ ಉಟ್ಟು ಹಾಕಿದ ಪಟ್ಟು ಅದು. ಅವನು ಕಾಂಕ್ರೀಟಿನ ಮೇಲೆ ಬೆನ್ನು ಹಾಕಿ ಬಿದ್ದ, ಟೀಚರ ಅಂಗೈ ಅವನ ತಲೆಯಡಿಗಿತ್ತು. ಅವರ ಮಂಡಿಯ ಹತ್ತಿರ ಸೀರೆ ಹರಿದು ರಕ್ತ ಬರುತ್ತಿತ್ತು. ಎದೆಯ ಮೇಲೆ ಭಾರ ಹಾಕಿ, ಅವನ ಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಅವನಿಗೆ ಮಿಸುಕಲೂ ಆಗಲಿಲ್ಲ.

ಗೂಡಂಗಡಿಗೆ ಹೋದವನು ಬರುವುದು ನನಗೆ ಕಾಣುತ್ತಿತ್ತು. ಕೈಯಲ್ಲಿ ಹೆಲ್ಮೆಟ್ ಇತ್ತು. ಒಂದು ಲಾರಿ ಹೋಗುವವರೆಗೆ ಅವನು ಆಚೆ ಬದಿ ನಿಂತ, ಆಮೇಲೆ ದಾಟಿದ. ಅಷ್ಟು ಸಮಯವಿತ್ತು. ನಾನು ಕೂಗಲಿಲ್ಲ. ಅವನ ಕಾಲಿಗೆ ಕೈ ಹಾಕಲಿಲ್ಲ, ಆ ಬೆಳಿಗ್ಗೆ ಪಂದ್ಯದಲ್ಲಿ ಮೂರು ಸಲ ಹಾಕಿ ಕೆಡವಿದ್ದೆ. ಓಡಲೂ ಇಲ್ಲ. ನಿಂತಿದ್ದೆ.

ಹೆಲ್ಮೆಟ್ಟಿನಿಂದ ಟೀಚರ ತಲೆಗೆ ಮೂರು ಪೆಟ್ಟು. ಎರಡನೆಯದಕ್ಕೂ ಟೀಚರ್ ಹಿಡಿತ ಬಿಡಲಿಲ್ಲ. ಮೂರನೆಯದಕ್ಕೆ ಬಿಟ್ಟರು.

ಮಣಿಪಾಲದ ಕಡೆಯ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದರು. ಬೈಕಿನವರಿಬ್ಬರೂ ಸಿಕ್ಕಿದರು, ಕೇಸಾಯಿತು, ನಾನು ಸಾಕ್ಷಿ ಹೇಳಿದೆ. ಎಲ್ಲವನ್ನೂ ಸರಿಯಾಗಿ ಹೇಳಿದೆಯೆಂದು ವಕೀಲರು ಹೊಗಳಿದರು. ಆಮೇಲೆ ನಾನು ಮ್ಯಾಟಿಗೆ ಇಳಿಯಲಿಲ್ಲ. ಹೆದರಿಕೆ ಅಂತಲ್ಲ. ಸಂಜೆ ಆಗುತ್ತಿತ್ತು, ಮನೆಯಲ್ಲೇ ಕೂತಿರುತ್ತಿದ್ದೆ.

ಟೀಚರ್ ಶಾಲೆಗೆ ವಾಪಸು ಹೋಗಲಿಲ್ಲ. ತಲೆಯ ಪೆಟ್ಟಿಗೆ ಅವರಿಗೆ ವಾಸನೆ ತಿಳಿಯುವುದು ಪೂರ್ತಿ ಹೋಗಿತ್ತು. ಅನ್ನ ತಳ ಹಿಡಿದರೂ ತಿಳಿಯುತ್ತಿರಲಿಲ್ಲ. ಮಾತಿನ ನಡುವೆ ಶಬ್ದಕ್ಕೆ ತಡಕಾಡುತ್ತಿದ್ದರು. ಒಮ್ಮೊಮ್ಮೆ ಹಿಂದಿಯಲ್ಲೇ ಶುರು ಮಾಡಿಬಿಡುತ್ತಿದ್ದರು. ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದೆ. ಅವತ್ತಿನ ಸಂಗತಿ ನಾವು ಎತ್ತುತ್ತಿರಲಿಲ್ಲ. ಒಂದು ವರ್ಷ ಕಳೆದ ಮೇಲೆ, ಬಂಗುಡೆ ತೊಳೆಯುತ್ತಾ ಅವರೇ ಕೇಳಿದರು.

"ನೀ ಅವತ್ತ್ ಎಂತಕ್ಕೆ ಓಡ್ಲಿಲ್ಲ?"

"ನೀವ್ ಎಂತಕ್ಕೆ ಅವನ್ನ ಬಿಡ್ಲಿಲ್ಲ?" ಎಂದೆ. "ಒಬ್ಬನೇ ಇರುದಿಲ್ಲ ಅಂದೇಳಿ ನೀವೇ ಹೇಳಿದ್ರಲ್ದಾ."

"ನಂಗ್ ಗೊತ್ತಿದ್ದಿತ್, ಮತ್ತೊಬ್ಬ ಬತ್ತ ಅಂದೇಳಿ. ಇವ ಏಳ್ದೇ ಇದ್ರೆ ನೀ ಅಷ್ಟೊತ್ತಿಗೆ ದೂರ ಹೋಯ್ಲಕ್ಕ್ ಅಂದ್ಕಂಡೆ. ಅದ್ಕೇ ಹಿಡ್ಕಂಡೆ." ಮೀನಿನ ಹೊಟ್ಟೆ ಸೀಳಿ ಬೆರಳು ಹಾಕಿ ತೆಗೆದರು. "ನೀ ಹೋಯ್ಲೇ ಇಲ್ಲ ಮಾರಾಯ್ತಿ."

ಸಿಟ್ಟಿನಲ್ಲಿ ಹೇಳಿದ ಮಾತಲ್ಲ. ಊಟ ಮಾಡಿಕೊಂಡು ಹೋಗು ಎಂದರು. ಮಾಡಿದೆ. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಚೆನ್ನಾಗಿದೆ ಎಂದೆ.

ಕಳೆದ ವರ್ಷ, ಮಳೆ ಬಿಟ್ಟ ಮೇಲೆ, ಒಂದು ಬೆಳಿಗ್ಗೆ ಟೀಚರ್ ಹಾಸಿಗೆಯಿಂದ ಏಳಲಿಲ್ಲ. ನಾನು ಕುಂದಾಪುರದ ಸೊಸೈಟಿಯ ಕೌಂಟರಿನಲ್ಲಿದ್ದಾಗ ಫೋನ್ ಬಂತು. ಎದುರಿಗಿದ್ದವರ ಚಲನ್‌ಗೆ ಸೀಲು ಹಾಕಿಕೊಟ್ಟು ಹೊರಟೆ.

ಮನೆ ತುಂಬ ಜನ. ಸಂಜೆಗೆ ಮುಂಬೈಯಿಂದ ಅವರ ಅಕ್ಕ ವಿಮಾನದಲ್ಲಿ ಬಂದರು. ಬಾಗಿಲಲ್ಲಿ ನಿಂತ ನನ್ನನ್ನು ತೋರಿಸಿ ಟೀಚರ ಗಂಡ ಅವರಿಗೆ ಹೇಳಿದರು, "ಅವತ್ತ್ ಅವ್ಳೊಟ್ಟಿಗ್ ಇದ್ದ ಹೆಣ್ಣ್ ಇದೇ."

ಅಕ್ಕ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನೀನಾರೂ ಹತ್ರ ಇದ್ದೆಯಲ್ಲ ಮಗಾ" ಎಂದು ಅತ್ತರು.

ಹೌದೆಂದು ತಲೆಯಾಡಿಸಿದೆ. ಅವರು ಕೈ ಬಿಡುವವರೆಗೆ ಅಲ್ಲೇ ನಿಂತಿದ್ದೆ.