ಸುರತ್ಕಲ್ಲಿನಿಂದ ಬಂದ ಎಲೆಗಳು

ಪಿಎಚ್‌ಡಿಗೆ ಸೇರಿದಾಗ ನನ್ನ ಗೈಡ್ ಒಪ್ಪಿಸಿದ ಕೆಲಸ, ಅಲಸಂಡೆ ಎಲೆಯೊಳಗಿನ ಒಂದು ಹಾರ್ಮೋನನ್ನು ಅಳೆಯುವುದು. ಹುಳ ಕಚ್ಚಿದಾಗ, ಎಲೆ ಹರಿದಾಗ ಗಿಡ ತನ್ನನ್ನು ಕಾಪಾಡಿಕೊಳ್ಳಲು ತಯಾರಿಸುವ ಜಾಸ್ಮೋನಿಕ್ ಆಮ್ಲ. ಸರ್ ಅದರ ಮೇಲೆ ಮೊದಲೇ ಪ್ರಬಂಧ ಪ್ರಕಟಿಸಿ ಹೆಸರು ಮಾಡಿದ್ದರು. ಸುರತ್ಕಲ್ಲಿನ ಕಡಲ ಬದಿಯ ಉಪ್ಪು ಮಣ್ಣಿನ ಅಲಸಂಡೆಯಲ್ಲಿ ಅದು, ನಗರದಲ್ಲಿ ನಮ್ಮ ಲ್ಯಾಬಿನ ಹಿಂದಿದ್ದ ಕುಂಡದ ಗಿಡಗಳಿಗಿಂತ ಎಷ್ಟೋ ಹೆಚ್ಚು. ಉಪ್ಪೇ ಅದಕ್ಕೆ ಕಾರಣ ಎಂದು ಅವರ ವಾದ. ನಾನು ಅದನ್ನೇ ಮುಂದುವರಿಸಬೇಕಿತ್ತು.

ಎರಡು ವರ್ಷ ಮಾಡಿದೆ. ಬೆಳಿಗ್ಗೆ ಸುರತ್ಕಲ್ಲಿಗೆ ಹೋಗಿ ಎಲೆ ಕೊಯ್ದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಬಸ್ಸು ಹಿಡಿದು ಲ್ಯಾಬಿಗೆ ಬರುತ್ತಿದ್ದೆ. ಎಲೆಯನ್ನು ದ್ರವ ನೈಟ್ರೋಜನ್ನಿನಲ್ಲಿ ಅದ್ದಿದರೆ ಕ್ಷಣದಲ್ಲಿ ಗಾಜಿನಂತಾಗುತ್ತದೆ. ಅದನ್ನು ಪುಡಿ ಮಾಡಿ, ಮೆಥನಾಲಿನಲ್ಲಿ ನೆನೆಸಿ, ಸೋಸಿ, ಮೆಷಿನ್ನಿಗೆ ಕೊಡುತ್ತಿದ್ದೆ. ಪ್ರತಿ ಸಲವೂ ಸರ್ ಹೇಳಿದಂತೆಯೇ ಬಂತು. "ನಿನ್ನ ಕೈ ಒಳ್ಳೆದುಂಟು ಮಾರಾಯ್ತಿ" ಎಂದು ಅವರು ಹೊಗಳಿದ ದಿನ ನಾನು ಉಬ್ಬಿಹೋಗಿದ್ದೆ.

ಅಮ್ಮ ತೊಕ್ಕೊಟ್ಟಿನಲ್ಲಿ ಮೀನು ಮಾರುತ್ತಿದ್ದಳು. ಒಂದು ಭಾನುವಾರ ಬಂಗುಡೆ ಶುಚಿ ಮಾಡುತ್ತಾ, ಇಷ್ಟು ವರ್ಷ ನೀನು ಮಾಡುವುದು ಎಂತ ಎಂದು ತುಳುವಿನಲ್ಲಿ ಕೇಳಿದಳು. ವಿವರಿಸಿದೆ. ಅವಳ ಕತ್ತಿ ನಿಂತಿತು.

"ಲ್ಯಾಬಿನ ಹಿಂದಿನ ಕುಂಡದ ಎಲೆಯನ್ನು ಕೊಯ್ದ ಕೂಡಲೇ ಆ ತಣ್ಣಗಿನದ್ದಕ್ಕೆ ಹಾಕುದಾ?"

"ಹೌದು."

"ಸುರತ್ಕಲ್ಲಿನದ್ದು ಐಸೂ ಇಲ್ಲದೆ ಒಂದು ಗಂಟೆ ಬಸ್ಸಲ್ಲಿ ಬರುದಾ? ಮತ್ತೆ ಎರಡೂ ಒಂದೇ ಹೇಗಾಗ್ತದೆ?"

ನಾನು ನಕ್ಕೆ. ಮರುದಿನ ನಗು ಬರಲಿಲ್ಲ. ಕೊಯ್ಯುವುದೂ ಎಲೆಗೆ ಗಾಯವೇ; ಗಾಯವಾದ ಕೆಲವೇ ನಿಮಿಷಗಳಲ್ಲಿ ಈ ಹಾರ್ಮೋನು ಏರುತ್ತದೆ. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ನನ್ನದೇ ಕವರಿನೊಳಗೆ ಅದು ನಡೆಯುತ್ತಿದ್ದೀತು ಎಂದು ಮಾತ್ರ ಹೊಳೆದಿರಲಿಲ್ಲ.

ಯಾರಿಗೂ ಹೇಳದೆ ನೈಟ್ರೋಜನ್ ಕ್ಯಾನನ್ನು ರಿಕ್ಷಾದಲ್ಲಿಟ್ಟುಕೊಂಡು ಸುರತ್ಕಲ್ಲಿಗೆ ಹೋದೆ. ಕೊಯ್ದ ಎಲೆಯನ್ನು ಗಿಡದ ಬುಡದಲ್ಲೇ ಅದ್ದಿದೆ. ಅದೇ ದಿನ ಕುಂಡದ ಎಲೆಗಳನ್ನು ಕೊಯ್ದು ಕವರಿನಲ್ಲಿ ಒಂದು ಗಂಟೆ ಬಿಟ್ಟೆ. ಫಲಿತಾಂಶ ತಲೆಕೆಳಗಾಯಿತು. ಉಪ್ಪು ಮಣ್ಣಿನ ಎಲೆಯಲ್ಲಿ ಹಾರ್ಮೋನು ಕಡಿಮೆ, ಕವರಿನಲ್ಲಿದ್ದ ಕುಂಡದ ಎಲೆಯಲ್ಲಿ ಹೆಚ್ಚು. ಮೂರು ಬಾರಿ ಮಾಡಿದೆ. ಮೂರು ಬಾರಿಯೂ ಅದೇ. ಹಾರ್ಮೋನನ್ನು ಏರಿಸಿದ್ದು ಉಪ್ಪಲ್ಲ, ಕವರಿನೊಳಗೆ ಕಳೆದ ಆ ಒಂದು ಗಂಟೆ.

ಸರ್ ಹಾಳೆಗಳನ್ನು ನಿಧಾನವಾಗಿ ನೋಡಿದರು. ಅವರಿಗೆ ಆಶ್ಚರ್ಯವಾಗಲಿಲ್ಲ. ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಇರಿಯಿತು.

"ಇದನ್ನು ಯಾರಿಗೆ ತೋರಿಸಿದ್ದೀ?"

"ಯಾರಿಗೂ ಇಲ್ಲ ಸರ್."

"ಒಳ್ಳೆದಾಯ್ತು. ನಿನ್ನ ಎರಡು ವರ್ಷದ ಕೆಲಸವೂ ಇದರೊಟ್ಟಿಗೆ ಹೋಗ್ತದೆ, ಗೊತ್ತುಂಟಲ್ಲ?"

"ಆದರೆ ಸುಳ್ಳು ಬರೆಯುವುದು ಹೇಗೆ ಸರ್?"

"ಸುಳ್ಳು ಬರಿ ಅಂತ ನಾನು ಹೇಳಿದ್ನಾ? ಇದನ್ನು ಬರೀಬೇಡ ಅಂತ ಹೇಳಿದ್ದು, ಅಷ್ಟೇ."

ನಾನು ಬರೆಯಲಿಲ್ಲ. ಥೀಸಿಸ್ಸಿನಲ್ಲಿ 'ಎಲೆಗಳನ್ನು ಸಂಗ್ರಹಿಸಿ ದ್ರವ ನೈಟ್ರೋಜನ್ನಿನಲ್ಲಿ ಹೆಪ್ಪುಗಟ್ಟಿಸಲಾಯಿತು' ಎಂಬ ಒಂದು ವಾಕ್ಯವಿದೆ. ಅದರಲ್ಲಿ ಸುಳ್ಳಿಲ್ಲ. ಸಂಗ್ರಹಿಸುವುದಕ್ಕೂ ಹೆಪ್ಪುಗಟ್ಟಿಸುವುದಕ್ಕೂ ನಡುವೆ ಸುರತ್ಕಲ್ಲಿನಿಂದ ನಗರದವರೆಗಿನ ದಾರಿ ಇತ್ತು ಎಂಬುದು ಮಾತ್ರ ಅದರಲ್ಲಿಲ್ಲ. ಪರೀಕ್ಷಕರೂ ಕೇಳಲಿಲ್ಲ.

ಕೇಳಿದ್ದು ಅಮ್ಮ ಒಬ್ಬಳೇ. "ನಾನು ಹೇಳಿದ್ದನ್ನು ಮಾಡಿ ನೋಡಿದ್ಯಾ? ಎಂತಾಯ್ತು?"

"ಎಂತ ವ್ಯತ್ಯಾಸ ಬರಲಿಲ್ಲ. ನಿನ್ನ ಮೀನಿನ ಲೆಕ್ಕ ಎಲೆಗೆ ಹೊಂದುದಿಲ್ಲ" ಎಂದೆ.

"ಹೌದಾ, ನಮಗೆ ಓದಿದವರ ಸಂಗತಿ ಎಂತ ಗೊತ್ತು" ಎಂದು ಅವಳು ನಾಚಿಕೊಂಡಳು. ಆಮೇಲೆ ನನ್ನ ಕೆಲಸದ ಬಗ್ಗೆ ಅವಳು ಮತ್ತೆ ಮಾತೆತ್ತಿದ್ದು ನೆನಪಿಲ್ಲ. ಡಿಗ್ರಿ ಬಂದಾಗ ಮಾರ್ಕೆಟಿನಲ್ಲಿ ಎಲ್ಲರಿಗೂ ಲಾಡು ಹಂಚಿದಳು.

ಈಗ ನಾನು ಕುಲಶೇಖರದ ಹತ್ತಿರ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಳೆದ ತಿಂಗಳು ಘಟ್ಟದ ಮೇಲಿನ ಊರಿನಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಫೋನ್ ಮಾಡಿದಳು. "ಮೇಡಂ, ನಿಮ್ಮ ಥೀಸಿಸ್ ಓದಿಯೇ ಈ ವಿಷಯ ತಗೊಂಡೆ. ಉಪ್ಪು ಹಾಕಿ ಹಾಕಿ ಸಾಕಾಯ್ತು, ಹಾರ್ಮೋನ್ ಏರ್ತಾನೇ ಇಲ್ಲ. ನನ್ನ ಕೈಯಲ್ಲೇ ದೋಷ ಅಂತಾರೆ ನಮ್ಮ ಗೈಡ್" ಎಂದಳು.

ಎಲೆಯನ್ನು ಯಾವಾಗ ಹೆಪ್ಪುಗಟ್ಟಿಸುತ್ತೀರಿ ಎಂದು ಕೇಳಿದೆ. ಕೊಯ್ದ ತಕ್ಷಣ ಎಂದಳು. ಸರಿಯಾಗಿಯೇ ಮಾಡುತ್ತಿದ್ದಳು.

"ಮೆಷಿನ್ ಸರಿ ಉಂಟಾ ಅಂತ ಒಮ್ಮೆ ನೋಡಿ" ಎಂದೆ.

ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು. ಅವಳ ನಂಬರು ನನ್ನಲ್ಲಿದೆ. ಇನ್ನೂ ಕರೆ ಮಾಡಿಲ್ಲ.