ನಿಧಾನದ್ದು ಕೇಳಲು ತುಮಕೂರಿಗೆ

ಬೆಳಿಗ್ಗೆ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ತುಮಕೂರಿನ ಬಸ್ಸು ಹತ್ತುವಾಗಲೇ ನನಗೆ ಅರ್ಧ ಕೋಪ ಬಂದಿತ್ತು. ಕಾರಣ, ಕೈಯಲ್ಲಿದ್ದ ಆಹ್ವಾನ ಪತ್ರಿಕೆ. ಬೆಂಗಳೂರಿನ ತಂತಿವಾದ್ಯದವರ ಒಂದು ಸಣ್ಣ ವೃಂದ, ಹದಿನೈದಿಪ್ಪತ್ತು ಜನ, ಅಂದು ಸಂಜೆ ತುಮಕೂರಿನಲ್ಲಿ ಪಾಶ್ಚಾತ್ಯ ಸಂಗೀತ ನುಡಿಸುವುದಿತ್ತು. ಜೊತೆಗೆ ಇಬ್ಬರು ಅತಿಥಿ ಕಲಾವಿದರು. ದೊಡ್ಡ ಪಿಟೀಲಿನಂಥ ಚೆಲ್ಲೋ ನುಡಿಸುವವರು ಪುಣೆಯ ಕುಲಕರ್ಣಿ ಎಂಬ ಹಿರಿಯರು. ಪಿಟೀಲು ನನ್ನ ಶಿಷ್ಯೆ, ಗುಬ್ಬಿಯ ಕಲ್ಪನಾಳದು. ಆದರೆ ಪತ್ರಿಕೆ ಬಿಡಿಸಿದರೆ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಘನ ಉಪಸ್ಥಿತಿ! ನುಡಿಸುವವರ ಹೆಸರು ಕಟ್ಟಕಡೆಗೆ, ಪ್ರಿಂಟಿಂಗ್ ಪ್ರೆಸ್ಸಿನ ಹೆಸರಿಗಿಂತ ಒಂದೇ ಸಾಲು ಮೇಲೆ, ಇರುವೆ ಅಕ್ಷರದಲ್ಲಿ. ಕನ್ನಡಕ ಹಾಕಿಕೊಂಡು ಹುಡುಕಬೇಕಾಯಿತು.

ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ಸಂಗೀತದ ಟೀಚರಾಗಿದ್ದು, ನಿವೃತ್ತಿಯಾದ ಮೇಲೆ ತವರೂರು ಕುಣಿಗಲ್ಲಿಗೆ ಬಂದು ಸೇರಿದವಳು. ಕಲ್ಪನಾ ಸರಿಗಮ ಕಲಿತದ್ದು ನನ್ನಲ್ಲಿ. ಆಮೇಲೆ ಬೆಂಗಳೂರಿಗೆ ಹೋಗಿ ಪಾಶ್ಚಾತ್ಯ ಪದ್ಧತಿ ಕಲಿತಳು. ಈಗ ಮುಂಬೈ, ಚೆನ್ನೈ ಅಂತ ಊರೂರಿನವರು ಅವಳನ್ನು ಕರೆಸಿಕೊಂಡು ಕೇಳುತ್ತಾರೆ. ಆದರೆ ಅವಳ ತಾಯಿ ಜಯಮ್ಮ ಮಗಳು ವೇದಿಕೆ ಮೇಲೆ ನುಡಿಸಿದ್ದನ್ನು ಒಂದು ಸಲವೂ ಕೇಳಿರಲಿಲ್ಲ. ಮನೆಯಲ್ಲಿ ಎರಡು ಸೀಮೆ ಹಸು. ಬೆಳಗಿನ ಹಾಲು, ಸಂಜೆಯ ಹಾಲು ಬಿಟ್ಟು ಎಲ್ಲಿಗೆ ಹೋಗುವುದು? ಈ ಸಲ ಮಗಳೇ ತುಮಕೂರಿನ ತನಕ ಬಂದಿದ್ದಳು. ಜಯಮ್ಮನನ್ನು ಗುಬ್ಬಿಯಿಂದ ಕರೆದುಕೊಂಡು ಬರುವ ಕೆಲಸ ನನ್ನದು. "ಟೀಚರ್, ಅಮ್ಮ ಒಬ್ಳೇ ಆದ್ರೆ ಏನಾದ್ರೂ ನೆಪ ಹೇಳಿ ಉಳ್ಕೊಂಡ್ಬಿಡ್ತಾಳೆ. ನೀವೇ ಹೋಗ್ಬೇಕು" ಎಂದು ಕಲ್ಪನಾ ಫೋನಿನಲ್ಲಿ ಹೇಳಿದ್ದಳು.

ಆಧಾರ್ ಕಾರ್ಡು ತೋರಿಸಿ ಹೆಂಗಸರ ಉಚಿತ ಟಿಕೆಟ್ ತೆಗೆದುಕೊಂಡೆ. ಹೆಬ್ಬೂರು ದಾಟುವ ತನಕ ಚಳಿಗಾಳಿ. ಪಕ್ಕದಲ್ಲಿ ಕೂತ ಹೆಂಗಸು ತೊಡೆಯ ಮೇಲಿದ್ದ ಪತ್ರಿಕೆ ನೋಡಿ, "ಮ್ಯೂಸಿಕ್ ಪ್ರೋಗ್ರಾಮಾ? ಯಾರ್ ಹಾಡ್ತಾರೆ?" ಎಂದು ಕೇಳಿದರು.

"ಯಾರೂ ಹಾಡಲ್ಲ. ಬರೀ ನುಡಿಸ್ತಾರೆ."

"ಬರೀ ನುಡ್ಸೋದಾ? ಅದುನ್ನ ಎಷ್ಟೊತ್ತಂತ ಕೇಳ್ತೀರವ್ವ!" ಎಂದು ನಕ್ಕು, ಗೂಳೂರು ಬರುತ್ತಲೇ ಗಣಪತಿಯ ದಿಕ್ಕಿಗೆ ಕೈಮುಗಿದು ಇಳಿದು ಹೋದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಗೊತ್ತಿಲ್ಲ ಅನ್ನುವವರ ಮೇಲೆ ನನಗೆ ಯಾವತ್ತೂ ಕೋಪವಿಲ್ಲ. ಎಲ್ಲಾ ಗೊತ್ತು ಅನ್ನುವವರು ತುಮಕೂರಿನಲ್ಲಿ ಕಾದಿದ್ದರು.

ಕುಣಿಗಲ್ಲಿನಿಂದ ತುಮಕೂರು ನಲವತ್ತು ಕಿಲೋಮೀಟರಿನ ಒಳಗೇ ಇದೆ. ಬಸ್ಸು ಮಾತ್ರ ಹಳ್ಳಿಹಳ್ಳಿಯಲ್ಲೂ ನಿಂತು ಒಂದೂವರೆ ಗಂಟೆ ಮಾಡಿತು. ಬಸ್ ಸ್ಟ್ಯಾಂಡಿನ ಎದುರು ಬೆಣ್ಣೆ ಹಾಕಿಸಿಕೊಂಡು ಎರಡು ತಟ್ಟೆ ಇಡ್ಲಿ ತಿಂದೆ. ಆಟೋದಲ್ಲಿ ಕಾರ್ಯಕ್ರಮದ ಸಮುದಾಯ ಭವನಕ್ಕೆ ಹೋದರೆ ಬಾಗಿಲ ಪಕ್ಕದಲ್ಲಿ ನೆಲದಿಂದಲೇ ಎರಡು ಆಳೆತ್ತರದ ಫ್ಲೆಕ್ಸು. ಅದರ ತುಂಬ ಮುಖ್ಯ ಅತಿಥಿಗಳ ಮುಖ, ಅವರ ಕೂಲಿಂಗ್ ಗ್ಲಾಸು. ಪಿಟೀಲಿನ ಚಿತ್ರ ಕೆಳಗೆ ಒಂದು ಮೂಲೆಯಲ್ಲಿ ಇತ್ತು. ಅದೂ ತಲೆಕೆಳಗು.

ಒಳಗೆ ಅಭ್ಯಾಸ ನಡೆದಿತ್ತು. ಕಲ್ಪನಾ ಓಡಿ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಅವಳು ಮತ್ತು ಕುಲಕರ್ಣಿ ಸೇರಿ ನುಡಿಸುವ ದೊಡ್ಡ ಕೃತಿ ಮೂರು ಭಾಗದ್ದು. ಮೊದಲನೆಯದು ಜೋರು, ಮಧ್ಯದ್ದು ನಿಧಾನ, ಕೊನೆಯದು ಮತ್ತೆ ಜೋರು. "ಒಂದು ಭಾಗ ಆದ್ಮೇಲೆ ಸ್ವಲ್ಪ ಸುಮ್ನಿರ್ತೀವಿ ಟೀಚರ್. ಮುಗೀತು ಅಂದ್ಕೊಂಡು ಯಾರಾದ್ರೂ ಸ್ಟೇಜಿಗೆ ಬಂದ್ಬಿಟ್ರೆ ಎಲ್ಲಾ ಹಾಳು. ಇವರಿಗೆ ನೀವೇ ಹೇಳಿ, ನಾನ್ ಹೇಳಿದ್ರೆ ನಗ್ತಾರೆ" ಎಂದಳು.

ಸಂಘಟನಾ ಸಮಿತಿಯ ರೇಣುಕಪ್ಪನವರು ಬಿಳಿ ಷರಟು ಹಾಕಿಕೊಂಡು, ಎರಡು ಫೋನು ಹಿಡಿದು ಓಡಾಡುತ್ತಿದ್ದರು. ಅವರನ್ನು ನಿಲ್ಲಿಸಿ ಬಿಡಿಸಿ ಹೇಳಿದೆ. ಮೂರು ಭಾಗ, ಮಧ್ಯೆ ಎರಡು ಸಲ ಮೌನ, ಮೌನ ಅಂದರೆ ಮುಗಿದದ್ದಲ್ಲ.

"ಗೊತ್ತು ಬುಡಿ ಮೇಡಂ. ನಾವೇನ್ ಇವತ್ ನೆನ್ನೆ ಪ್ರೋಗ್ರಾಮ್ ಮಾಡ್ತಾ ಇದೀವಾ?"

"ಸನ್ಮಾನ ಯಾವಾಗ ಇಟ್ಕೊಂಡಿದೀರಿ?"

"ಅದೆಲ್ಲ ಕರೆಕ್ಟ್ ಟೈಮಿಗೆ ಆಗುತ್ತೆ. ನೀವ್ ಟೆನ್ಷನ್ ತಗೋಬೇಡಿ."

ಆ ಮಾತು ಕೇಳಿದ ಮೇಲೆಯೇ ನನಗೆ ಟೆನ್ಷನ್ ಶುರುವಾದದ್ದು.

ತುಮಕೂರಿನಿಂದ ಗುಬ್ಬಿಗೆ ಇಪ್ಪತ್ತು ಕಿಲೋಮೀಟರು. ಹೆಗ್ಗೆರೆ, ಮಲ್ಲಸಂದ್ರ ದಾಟಿದರೆ ಎರಡೂ ಕಡೆ ತೆಂಗು. ಜಯಮ್ಮನ ಮನೆ ಊರಿಗೆ ಸ್ವಲ್ಪ ಹೊರಗೆ. ಹೋದಾಗ ಆಕೆ ಮದುವೆಮನೆಗೆ ಹೊರಟವರಂತೆ ರೇಷ್ಮೆ ಸೀರೆ ಉಟ್ಟು, ಸೀರೆಯ ಮೇಲೆ ಹಳೇ ಟವಲ್ ಸುತ್ತಿಕೊಂಡು ಹಸುವಿಗೆ ಬೂಸಾ ಕಲಸುತ್ತಿದ್ದರು. ನೆಪ ಹೇಳುವ ಲಕ್ಷಣವೇ ಕಾಣಲಿಲ್ಲ.

"ಸಂಜೆ ಹಾಲು ಪಕ್ಕದ್ಮನೆ ಸಾವಿತ್ರಿ ಕರೀತಾಳೆ. ಉಣ್ಣಿ ಟೀಚರಮ್ಮ, ಆಮ್ಯಾಕೆ ಹೊರಡಾನ" ಎಂದು ಮುದ್ದೆ, ಅವರೆಕಾಳಿನ ಸಾರು ಬಡಿಸಿದರು.

ಊಟ ಮಾಡುತ್ತ ಕೊಬ್ಬರಿ ಅಟ್ಟದ ಕಡೆ ನೋಡಿದೆ. ತೆಂಗಿನಕಾಯಿ ಒಣಗಿ ಕೊಬ್ಬರಿಯಾಗಲೆಂದು ವರ್ಷಗಟ್ಟಲೆ ಹರವಿ ಇಡುವ ಅಟ್ಟ ಅದು. ಕಲ್ಪನಾ ಚಿಕ್ಕವಳಿದ್ದಾಗ ಮನೆಯ ಹಿರಿಯರಿಗೆ ಪಿಟೀಲಿನ ಸದ್ದು ಆಗುತ್ತಿರಲಿಲ್ಲ. ಅದಕ್ಕೆ ಜಯಮ್ಮ ಅಟ್ಟದ ಕೆಳಗೆ ಗೋಣಿಚೀಲ ಹಾಸಿ ಅಲ್ಲೇ ಕೂರಿಸಿ ನುಡಿಸುವಂತೆ ಮಾಡಿದ್ದರು. ತಾವು ಬಾಗಿಲಲ್ಲಿ ಕೂತು ಕಾಯಿ ಸುಲಿಯುತ್ತಿದ್ದರು. ಈಗ ಕಲ್ಪನಾ ದಿನಾ ಸಂಜೆ ಹಾಲು ಕರೆಯುವ ಹೊತ್ತಿಗೆ ಫೋನ್ ಮಾಡುತ್ತಾಳಂತೆ. ಅಮ್ಮ ಫೋನನ್ನು ಕೊಟ್ಟಿಗೆಯ ಗೂಡಿನಲ್ಲಿ ಇಡುತ್ತಾರೆ, ಅತ್ತ ಮಗಳು ಅಭ್ಯಾಸ ಮಾಡುತ್ತಾಳೆ.

"ಮೂರು ತುಂಡೈತಲ್ಲ ಟೀಚರಮ್ಮ, ಅದ್ರಲ್ಲಿ ನಿಧಾನದ್ದು ಬಂದಾಗ ಹಸಾನೂ ಬಾಲ ಅಲ್ಲಾಡ್ಸಲ್ಲ. ಆದ್ರೆ ಫೋನಲ್ಲಿ ತಗಡು ಬಡ್ದಂಗೆ ಕೇಳ್ತದೆ. ಒಂದ್ಸಲ ಸರಿಯಾಗಿ ಕೇಳ್ಬೇಕು. ಮಿಕ್ಕಿದ್ದು ಇದ್ರೂ ಸೈ, ಇಲ್ದಿದ್ರೂ ಸೈ. ನಿಧಾನದ್ದು ಒಂದು ಕೇಳ್ಬೇಕು."

ಐದು ಗಂಟೆಯ ಕಾರ್ಯಕ್ರಮಕ್ಕೆ ನಾವು ಅದಕ್ಕೂ ಮೊದಲೇ ಹೋಗಿ ಮುಂದಿನ ಸಾಲಿನಲ್ಲಿ ಕೂತೆವು. ಒಬ್ಬ ಸ್ವಯಂಸೇವಕ ಬಂದು, "ಇದು ಗಣ್ಯರಿಗೆ" ಎಂದು ನಮ್ಮನ್ನು ಎಬ್ಬಿಸಿ ಆರನೇ ಸಾಲಿಗೆ ಕಳಿಸಿದ. ಎದ್ದು ಹೋದೆವು. ಮುಖ್ಯ ಅತಿಥಿಗಳು ಬಂದಿರಲಿಲ್ಲ. ಅವರು ಬರುವ ತನಕ ಶುರು ಮಾಡುವಂತಿಲ್ಲ. ವೃಂದದವರು ವಾದ್ಯ ಶ್ರುತಿ ಮಾಡಿಕೊಂಡು ಕೂತರು, ಮತ್ತೆ ಶ್ರುತಿ ಮಾಡಿದರು, ಮತ್ತೆ ಕೂತರು. ಒಂದು ಗಂಟೆ ಕಳೆದ ಮೇಲೆ ಅವರು ಬಂದರು. ಆಮೇಲೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ. ಮುಖ್ಯ ಅತಿಥಿಗಳು ಸಂಗೀತದಿಂದ ಶುರು ಮಾಡಿ ರಿಂಗ್ ರೋಡಿಗೆ ಹೋಗಿ, ಅಲ್ಲಿಂದ ಸತ್ಯಮಂಗಲದ ಫ್ಯಾಕ್ಟರಿಗಳಿಗೆ ಹೋಗಿ, ವಾಪಸ್ ಸಂಗೀತಕ್ಕೆ ಬರಲೇ ಇಲ್ಲ. ನನ್ನ ಮೈಯೆಲ್ಲ ಉರಿಯುತ್ತಿತ್ತು. ಜಯಮ್ಮ ಮಾತ್ರ ಕೈಕಟ್ಟಿ ಕೂತಿದ್ದರು.

ಕೊನೆಗೂ ವಾದನ ಶುರುವಾಯಿತು. ಅಬ್ಬ! ಮೈಕಿಲ್ಲದೆ ಅಷ್ಟು ತಂತಿಗಳು ಒಟ್ಟಿಗೆ ಮೊಳಗಿದಾಗ ಎದೆ ತುಂಬಿ ಬಂತು. ಕುಲಕರ್ಣಿಯವರು ಎದೆಯೆತ್ತರದ ಆ ದೊಡ್ಡ ವಾದ್ಯವನ್ನು ಮಂಡಿಗಳ ನಡುವೆ ಹಿಡಿದು ಕೆಳಗಿನ ದನಿಯಲ್ಲಿ ಕೇಳುತ್ತಿದ್ದರು, ಕಲ್ಪನಾ ಮೇಲಿನ ದನಿಯಲ್ಲಿ ಉತ್ತರ ಕೊಡುತ್ತಿದ್ದಳು. ಹಿಂದೆ ಕೂತು ಮಾತಾಡುತ್ತಿದ್ದವರೂ ಸುಮ್ಮನಾದರು. ಮೊದಲ ಭಾಗ ಮುಗಿಯಿತು. ಎಲ್ಲರೂ ಕಮಾನು ಕೆಳಗಿಳಿಸಿದರು. ಮೌನ. ಜಯಮ್ಮ ನನ್ನ ಕೈ ಹಿಡಿದು, "ಈಗ ನಿಧಾನದ್ದು" ಎಂದು ಪಿಸುಗುಟ್ಟಿದರು.

"ಅದ್ಭುತ! ಅಮೋಘ! ಜೋರಾದ ಚಪ್ಪಾಳೆ ಬರಲಿ!"

ನಿರೂಪಕ ಮೈಕ್ ಹಿಡಿದು ವೇದಿಕೆಯ ಮಧ್ಯಕ್ಕೆ ಬಂದಿದ್ದ. ಹಿಂದೆಯೇ ರೇಣುಕಪ್ಪ, ಹಿಂದೆಯೇ ತಟ್ಟೆ ಹಿಡಿದವರು. ಶಾಲು, ಪೇಟ, ಹಾರ, ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ. ಕಲ್ಪನಾ "ಸರ್, ಮುಗಿದಿಲ್ಲ, ಸರ್" ಎನ್ನುತ್ತಿದ್ದಳು. ಕಮಾನು ಹಿಡಿದ ತೋಳಿನ ಮೇಲೆಯೇ ಶಾಲು ಬಿತ್ತು. ಕುಲಕರ್ಣಿಯವರ ತಲೆಗೆ ಪೇಟ ಒತ್ತಿದರು, ಹಾರ ಹಾಕುವಾಗ ಅದು ಚೆಲ್ಲೋದ ಬಿರಡೆಗೆ ಸಿಕ್ಕಿ ತಂತಿ ಸಡಿಲಾಯಿತು. ಅಡಿಗೆ ಮಾಡಿದವಳಿಗಿಂತ ಬಡಿಸುವವಳೇ ಮೇಲು ಅನ್ನುತ್ತಾರಲ್ಲ, ಇವರು ಬಡಿಸಿದ್ದೂ ಅಲ್ಲ, ಎಲೆಯನ್ನೇ ಎಳೆದುಕೊಂಡರು. ನಾನು ಎದ್ದು, "ರೇಣುಕಪ್ಪ! ಏನ್ರೀ ಮಾಡ್ತಿದೀರಿ!" ಎಂದು ಕೂಗಿದೆ. ಚಪ್ಪಾಳೆಯಲ್ಲಿ ಯಾರಿಗೆ ಕೇಳಬೇಕು? ಮುಖ್ಯ ಅತಿಥಿಗಳಿಗೆ ಬೇರೆ ಕಾರ್ಯಕ್ರಮವಿತ್ತಂತೆ, ಅವರು ಹೊರಡುವ ಮುಂಚೆ ಸನ್ಮಾನ ಆಗಲೇಬೇಕಿತ್ತಂತೆ. ಇದು ಆಮೇಲೆ ತಿಳಿಯಿತು.

"ಇಂಥ ಪ್ರತಿಭೆಯನ್ನು ಹೆತ್ತ ಮಹಾತಾಯಿ ವೇದಿಕೆಗೆ ಬರಬೇಕು" ಎಂದು ನಿರೂಪಕ ಕರೆದ. ಇಬ್ಬರು ಬಂದು ಜಯಮ್ಮನನ್ನು ಕೈಹಿಡಿದು ಮೇಲಕ್ಕೆ ಕರೆದೊಯ್ದರು. ವೇದಿಕೆಯ ಮೇಲೆ ಗಣ್ಯರಿಗೆ ಹಾಕಿದ್ದ ದೊಡ್ಡ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿ ಮಡಿಲಿಗೆ ಬುಟ್ಟಿ ಇಟ್ಟು ಫೋಟೋ ತೆಗೆದರು. ಮುಖ್ಯ ಅತಿಥಿಗಳು ಕೈಮುಗಿದು ಹೊರಟರು. ಅವರ ಹಿಂದೆ ಅರ್ಧ ಸಭೆಯೂ ಹೊರಟಿತು.

ಆಗ ಪಕ್ಕದ ಬಾಗಿಲಿನಿಂದ ಡೆಕೊರೇಷನ್ನಿನವರು ಹೂವಿನ ಕಮಾನು ಹೊತ್ತು ಒಳಗೆ ಬಂದರು. ರಾತ್ರಿ ಅದೇ ಭವನದಲ್ಲಿ ಯಾರದೋ ರಿಸೆಪ್ಷನ್. ರೇಣುಕಪ್ಪ ಗಡಿಯಾರ ನೋಡಿ ನಿರೂಪಕನ ಕಿವಿಯಲ್ಲಿ ಏನೋ ಹೇಳಿದರು.

"ಸಮಯದ ಅಭಾವದಿಂದ ಕಾರ್ಯಕ್ರಮವನ್ನು ಇಲ್ಲಿಗೇ ಮುಗಿಸಬೇಕಾಗಿದೆ. ಈಗ ವಂದನಾರ್ಪಣೆ."

ಸಮಯದ ಅಭಾವ! ರಿಂಗ್ ರೋಡಿಗೆ ಇದ್ದ ಸಮಯ ನಿಧಾನದ್ದಕ್ಕೆ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂದರೆ ಇದೇ. ನಾನು ಮೆಟ್ಟಿಲಿನ ಹತ್ತಿರ ಹೋಗಿ ಬಾಯಿಗೆ ಬಂದಂತೆ ಬೈದೆ. ಏನು ಬೈದೆ ಎಂದು ಇಲ್ಲಿ ಬರೆಯುವುದಿಲ್ಲ. ಕಲ್ಪನಾ ಪಿಟೀಲನ್ನು ಪೆಟ್ಟಿಗೆಗೆ ಇಡಲು ಬಗ್ಗಿದಳು. ಅವಳ ಕಣ್ಣು ತುಂಬಿತ್ತು.

"ಅಮ್ಮ, ಇಳಿಯಿರಿ, ಊಟಕ್ಕೆ ಹೋಗಾನ" ಎಂದು ರೇಣುಕಪ್ಪ ಜಯಮ್ಮನ ಮುಂದೆ ಕೈಮುಗಿದರು.

"ನಾನ್ ಇಳಿಯಲ್ಲ."

"ಅಂದ್ರೆ?"

"ನನ್ ಮಗ್ಳು ಇನ್ನೂ ಮುಗ್ಸಿಲ್ಲ. ನಿಧಾನದ್ದು ಬಂದಿಲ್ಲ. ಅದು ಆಗೋಗಂಟ ನಾನ್ ಇಲ್ಲೇ ಕೂತಿರ್ತೀನಿ."

"ಭವನ ಬಿಟ್ಕೊಡಬೇಕಮ್ಮ, ರಿಸೆಪ್ಷನ್ನವ್ರು ಬಂದವ್ರೆ..."

"ಬರ್ಲಿ. ಕೂತು ಕೇಳ್ಲಿ. ಶಾಲು ಹೊದ್ಸಿ ಮಹಾತಾಯಿ ಅಂದ್ರಲ್ಲಪ್ಪ, ಈಗ ಕೈ ಹಿಡ್ದು ಎಳೀತೀರಾ? ಎಳೀರಿ ನೋಡಾನ."

ಈಗಷ್ಟೇ ಸನ್ಮಾನ ಮಾಡಿದ ಹೆಂಗಸನ್ನು, ಫೋಟೋದವನ ಮುಂದೆಯೇ, ವೇದಿಕೆಯಿಂದ ಇಳಿಸುವ ಗಂಡಸು ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಕುಲಕರ್ಣಿಯವರಿಗೆ ಕನ್ನಡ ಬಾರದು, ಆದರೂ ವಿಷಯ ಅರ್ಥವಾಯಿತು. ಅವರು ಜೋರಾಗಿ ನಕ್ಕು, ಪೇಟ ತೆಗೆದು ನೆಲದ ಮೇಲಿಟ್ಟು, ಸಡಿಲಾದ ತಂತಿ ಬಿಗಿ ಮಾಡಿಕೊಂಡು ಕಮಾನು ಎತ್ತಿದರು. ವೃಂದದವರೆಲ್ಲ ಮತ್ತೆ ಕೂತರು.

ಉಳಿದವರು ನಾವು ಒಂದಿಷ್ಟು ಜನ. ಡೆಕೊರೇಷನ್ನಿನವರು ಕುರ್ಚಿ ಎಳೆಯುತ್ತಿದ್ದರು, ಯಾರೋ ಸುತ್ತಿಗೆಯಲ್ಲಿ ಮೊಳೆ ಹೊಡೆಯುತ್ತಿದ್ದರು. ಅದರ ಮಧ್ಯೆಯೇ ಕಲ್ಪನಾ ನಿಧಾನದ್ದು ನುಡಿಸಿದಳು, ಅಮ್ಮನ ಕುರ್ಚಿಗೆ ಎರಡು ಮಾರು ದೂರದಲ್ಲಿ ನಿಂತು. ಸುತ್ತಿಗೆಯ ಸದ್ದು ಬಂದಾಗಲೆಲ್ಲ ನನಗೆ ಹೊಡೆದಾಡುವಷ್ಟು ಸಿಟ್ಟು ಬರುತ್ತಿತ್ತು. ಜಯಮ್ಮ ಒಂದು ಸಲವೂ ಆ ಕಡೆ ತಿರುಗಿ ನೋಡಲಿಲ್ಲ. ಅದು ಮುಗಿದ ಮೇಲೆ ಮೂರನೆಯದಕ್ಕೆ ಹಟ ಮಾಡದೆ, ಬುಟ್ಟಿಯನ್ನು ಡೆಕೊರೇಷನ್ನಿನವರ ಕೈಗೆ ಕೊಟ್ಟು, ಮಗಳ ಕೆನ್ನೆ ಸವರಿ ಇಳಿದು ಬಂದರು.

ವೃಂದದವರ ವ್ಯಾನು ಅಲ್ಲಿಂದಲೇ ಬೆಂಗಳೂರಿಗೆ ಹೊರಟಿತು. ನಾವು ಗುಬ್ಬಿಯ ಬಸ್ಸು ಹತ್ತಿದೆವು. ನಾನು ದಾರಿಯುದ್ದಕ್ಕೂ ಬೈಯುತ್ತಲೇ ಇದ್ದೆ. "ಮೊಳೆ ಹೊಡೆಯೋ ಸದ್ದಲ್ಲಿ ಕೇಳಿಸ್ಬಿಟ್ರಲ್ಲ ಜಯಮ್ಮ ಅಷ್ಟೊಳ್ಳೇದನ್ನ. ಎಂಥಾ ಜನ!"

"ಬುಡಿ ಟೀಚರಮ್ಮ" ಎಂದರು ಆಕೆ. "ಅದ್ರಲ್ಲಿ ಒಂದ್ ಕಡೆ ದನಿ ಮ್ಯಾಲಕ್ಕೆ ಹೋಗ್ತದಲ್ಲ, ಅಲ್ಲಿ ಅವ್ಳು ಉಸ್ರು ಬಿಗಿ ಹಿಡೀತಾಳೆ. ಅಟ್ಟದ ಕೆಳ್ಗೆ ಕೂತ್ಕಂಡು ನುಡಿಸ್ವಾಗ್ಲೂ ಹಂಗೇ ಹಿಡೀತಿದ್ಲು. ಇನ್ನೂ ಬಿಟ್ಟಿಲ್ಲ. ಫೋನಲ್ಲಿ ಅದು ಕೇಳ್ತಾನೇ ಇರ್ಲಿಲ್ಲ." ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಆ ರಾತ್ರಿ ಗುಬ್ಬಿಯಲ್ಲೇ ಉಳಿದೆ. ಬೆಳಿಗ್ಗೆ ಹಾಲು ಕರೆದಾದ ಮೇಲೆ ಕಾಫಿ ಕುಡಿದು ಹೊರಟೆ. ತುಮಕೂರಿನಲ್ಲಿ ಬಸ್ಸು ಬದಲಿಸಲು ಇಳಿದಾಗ ಕಾಲು ಸುಮ್ಮನಿರದೆ ಭವನದ ಕಡೆ ಹೋಗಿ ನೋಡಿದೆ. ಫ್ಲೆಕ್ಸು ಹಾಗೇ ಇತ್ತು. ಕೂಲಿಂಗ್ ಗ್ಲಾಸಿನ ಮುಖ ನಗುತ್ತಿತ್ತು. ಒಂದು ಹಸು ಪಿಟೀಲಿನ ಮೂಲೆಯನ್ನು ಜಗ್ಗುತ್ತಿತ್ತು.

ಕುಣಿಗಲ್ಲಿನ ಬಸ್ಸಿನಲ್ಲಿ ಕೂತಿದ್ದೆ, ಫೋನ್ ಬಂತು. ರೇಣುಕಪ್ಪ.

"ಮೇಡಂ, ಪ್ರೋಗ್ರಾಮ್ ಸೂಪರ್ ಆಯ್ತಲ್ವಾ? ಎಲ್ಲಾರೂ ಹೊಗಳ್ತಾವ್ರೆ. ಕಲ್ಪನಾ ಮೇಡಮ್ಮಿಗೆ ಪಾಠ ಹೇಳಿದ್ದು ನೀವು ಅಂತ ಗೊತ್ತಾಯ್ತು. ಮುಂದಿನ ಸಲ ನಿಮಗೂ ಒಂದ್ ಸನ್ಮಾನ ಇಟ್ಕೊಂಡಿದೀವಿ."

ಬಸ್ಸು ಹೊರಟಿತು. ಬೈಯಬೇಕೆಂದು ಬಾಯಿ ತೆರೆದವಳು ತಡೆದುಕೊಂಡೆ.

"ಇಟ್ಕೊಳ್ಳಿ ರೇಣುಕಪ್ಪನವರೇ, ಖಂಡಿತ ಬರ್ತೀನಿ" ಎಂದೆ. "ಕುರ್ಚಿ ಮಾತ್ರ ಗಟ್ಟಿಯಾಗಿರೋದು ಹಾಕ್ಸಿ."