ಮೇಷ್ಟ್ರು ಹತ್ತಿದ ಗುಡ್ಡ

ಏಳನೇ ಮಹಡಿಯ ಫ್ಲ್ಯಾಟಿನಲ್ಲಿದ್ದರೂ ಆ ಚೀನೀ ಮೇಷ್ಟ್ರ ಉಗುರುಸಂದಿಯಲ್ಲಿ ಸದಾ ಮಣ್ಣಿರುತ್ತಿತ್ತು. ಕತಾರಿನ ಅಲ್ ಸದ್ದ್ ಬಡಾವಣೆಯಲ್ಲಿ ನಮ್ಮ ಎದುರುಮನೆಯವರು. ಊರಲ್ಲಿ ಭೂಗೋಳ ಕಲಿಸಿ ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ಎಂಜಿನಿಯರ್ ಮಗನ ಬಳಿ ಬಂದಿದ್ದರು. ಒಮ್ಮೆ ಬೆಟ್ಟ ಹುಡುಕುತ್ತ ಉರಿಬಿಸಿಲಿಗೆ ಹೊರಟು ರಸ್ತೆಯಲ್ಲಿ ಕುಸಿದರು. ಅಂದಿನಿಂದ ಮಗ ಹೊರಗಿನಿಂದ ಬೀಗ ಹಾಕಿಯೇ ಕೆಲಸಕ್ಕೆ ಹೋಗುತ್ತಿದ್ದ. ಏನಾದರೂ ಆದರೆ ಇರಲಿ ಎಂದು ಒಂದು ಬೀಗದ ಕೈ ನನಗೆ ಕೊಟ್ಟಿದ್ದ. ಕಾರು ಓಡಿಸಲು ಬಾರದ ನಾನೂ, ಗಂಡ ಆಫೀಸಿಗೆ ಹೋದರೆ, ಸಂಜೆಯವರೆಗೆ ಗೋಡೆ ನೋಡುವವಳೇ.

ಅವರು ದೊಡ್ಡ ತಟ್ಟೆಯಲ್ಲಿ ಮಣ್ಣು, ಕಲ್ಲು, ಪಾಚಿ ಇಟ್ಟು ಬೆಟ್ಟ ಮಾಡುತ್ತಿದ್ದರು. ಮೊದಲ ದಿನ ನಾನದನ್ನು ನಾಗನ ಕಲ್ಲೆಂದೇ ತಿಳಿದು ಚಪ್ಪಲಿ ಬಿಟ್ಟು ಕೈಮುಗಿದೆ. ನಾಚಿಕೆ ಮುಚ್ಚಿಕೊಳ್ಳಲು, ನಮ್ಮೂರ ನಾಗಬನದಲ್ಲಿ ಒಂದು ಕಡ್ಡಿಯನ್ನೂ ಮುರಿಯುವುದಿಲ್ಲ ಎಂದು ಹರಕು ಇಂಗ್ಲಿಷಿನಲ್ಲಿ ಜಂಬ ಕೊಚ್ಚಿದೆ.

“ಹಾಗಾದರೆ ಬನದ ಹೊರಗಿನದನ್ನೆಲ್ಲ ಕಡಿಯುತ್ತೀರಾ?” ಎಂದರು.

ಅವರು ಕಲ್ಲಿನ ಪಕ್ಕ ಪುಟ್ಟ ಗುಡಿಸಲೊಂದನ್ನು ಇಟ್ಟರು. “ನಮ್ಮ ಹಿರಿಯರು ಬೆಟ್ಟದ ಚಿತ್ರ ಬರೆದರೆ ಒಂದು ಮನೆ, ಒಂದು ದಾರಿಯನ್ನೂ ಬರೆಯುತ್ತಿದ್ದರು. ಮನುಷ್ಯ ಬೆಟ್ಟಕ್ಕೆ ಹೊರಗಿನವನಲ್ಲ.”

ತಮ್ಮೂರ ಬೆಟ್ಟದ ಬುಡದಲ್ಲೇ ಸಾಯಬೇಕೆಂಬುದು ಅವರ ಹಠ. ಮಗನದು ಒಂದೇ ರಾಗ: “ಪ್ರಾಜೆಕ್ಟ್ ಮುಗಿಯಲಿ.” ಚಳಿಗಾಲದ ಒಂದು ಬೆಳಿಗ್ಗೆ, “ಇಲ್ಲಿಯದೇ ಒಂದು ಬೆಟ್ಟ ತೋರಿಸಮ್ಮ” ಎಂದು ನನ್ನ ಕೈ ಹಿಡಿದುಕೊಂಡರು. ಗಂಡನಿಗೆ ಫೋನ್ ಮಾಡಿದೆ.

“ಮಾರಾಯ್ತಿ, ಅವರಿಗೆ ಎಂತಾದ್ರೂ ಆದ್ರೆ ಪೊಲೀಸು, ಕೇಸು! ನಮ್ಮ ಕಥೆ ಖಲಾಸ್!”

“ಆಗ್ಲಿ, ನೀವು ಸುಮ್ನಿರಿ” ಎಂದು ಫೋನಿಟ್ಟು ಮೇಷ್ಟ್ರನ್ನು ಹೊರಡಿಸಿದೆ.

ಟ್ಯಾಕ್ಸಿಯಲ್ಲಿ ಪಾರ್ಕಿಗೆ ಹೋದೆವು. ಅಲ್ಲಿದ್ದದ್ದು ಹುಲ್ಲು ಹಾಸಿದ ಗುಡ್ಡ. ಲಾರಿಯಲ್ಲಿ ಮಣ್ಣು ತಂದು ಸುರಿದದ್ದು ಎಂದು ಮೊದಲೇ ಹೇಳಿಬಿಟ್ಟೆ. ಅವರು ಏದುಸಿರು ಬಿಡುತ್ತ ಹತ್ತಿ ಕೂತು, ಹುಲ್ಲಿನ ಬೇರನ್ನು ಬೆರಳಲ್ಲಿ ತಡವಿದರು.

“ಮಣ್ಣು ತಂದವನು ಮನುಷ್ಯ. ಬೇರು ಬಿಡು ಅಂತ ಹುಲ್ಲಿಗೆ ಯಾರು ಹೇಳಿದರು? ಈಗ ಇದನ್ನು ಮನುಷ್ಯನಿಗೂ ಹುಲ್ಲಿಗೂ ಪಾಲು ಮಾಡಿಕೊಡು, ನೋಡೋಣ.”

ಆ ದೇಶಕ್ಕೆ ಬಂದ ಮೇಲೆ ನಾನು ಅಷ್ಟು ಸುಖವಾಗಿದ್ದದ್ದು ಅಂದೇ.

ಸಂಜೆ ವಿಷಯ ತಿಳಿದ ಮಗ ಬೀಗದ ಕೈ ಕಿತ್ತುಕೊಂಡ. ಆಮೇಲೆ ನಾನೂ ಮೇಷ್ಟ್ರೂ ಮುಚ್ಚಿದ ಬಾಗಿಲಿನ ಆಚೀಚೆ ನೆಲದ ಮೇಲೆ ಕೂತು ಮಾತಾಡುತ್ತಿದ್ದೆವು. ಬೇಸಿಗೆ ಬರುವ ಮೊದಲೇ, ಮಧ್ಯಾಹ್ನದ ನಿದ್ದೆಯಲ್ಲಿ ಮೇಷ್ಟ್ರು ಹೋಗಿಬಿಟ್ಟರು. ಪ್ರಾಜೆಕ್ಟ್ ಮುಗಿದಿರಲಿಲ್ಲ.

ದೇಹವನ್ನು ಊರಿಗೆ ಕಳಿಸುವ ಮುನ್ನ ಮಗ ನಮ್ಮ ಬಾಗಿಲು ತಟ್ಟಿದ. “ಕತಾರಿನಲ್ಲೂ ಬೆಟ್ಟ ಹತ್ತಿದೆ ಅಂತ ಅಪ್ಪ ಹೇಳುತ್ತಲೇ ಇದ್ದರು. ಪಾರ್ಕಿಗೆ ಹೋದದ್ದನ್ನೇ ಬೆಟ್ಟ ಅನ್ನುವ ಅರಳುಮರಳು ಅಂದುಕೊಂಡೆ. ನನಗೂ ತೋರಿಸಿ.”

ಪಾರ್ಕಿನಲ್ಲಿ ಅವನು ಶೂ ಬಿಚ್ಚಿ ಗುಡ್ಡ ಹತ್ತಿದ. ಮೇಲೆ ಕೂತು ಅತ್ತ. ನನಗೂ ಅಳು ತಡೆಯಲಾಗಲಿಲ್ಲ.

ಈಗ ನಾನೊಬ್ಬಳೇ ಟ್ಯಾಕ್ಸಿ ಹಿಡಿದು ಅಲ್ಲಿಗೆ ಹೋಗಿಬರುತ್ತೇನೆ. ಮನೆಯಿಂದ ಹೊರಡದಂತೆ ನನ್ನನ್ನು ಯಾರೂ ತಡೆದಿರಲಿಲ್ಲ. ಅದನ್ನು ನನಗೆ ತೋರಿಸಿಕೊಟ್ಟವರು ಬೀಗದೊಳಗೇ ಸತ್ತರು.